ಬೆಳ್ಳಿ ಬಣ್ಣ ಬಳಿದ ಚೈನು

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಪೊನ್ನಂಪೇಟೆ ಹತ್ತಿರದ ಕಾಫಿ ಗೋದಾಮೊಂದರಲ್ಲಿ ನಾನು ಗುಮಾಸ್ತನಾಗಿದ್ದೆ. ಮಂಗಳೂರಿನ ಬಂದರಿನಲ್ಲಿ ದುಡಿದು ಸವೆದಿದ್ದ ಫೋರ್ಕ್‌ಲಿಫ್ಟ್ ಒಂದನ್ನು ಮಾಲೀಕರು ತಂದಿದ್ದರು. ಕೂಲಿಯವರಿಗೆ ಅದು ಲಿಫ್ಟ್ ಗಾಡಿ. ಬಿ.ಎಸ್ಸಿ. ಓದಿದವನೆಂದು, ದಿನಾ ಬೆಳಿಗ್ಗೆ ಅದರ ಬ್ರೇಕು, ಎಣ್ಣೆ, ಹೊರೆ ಎತ್ತುವ ಚೈನು ನೋಡಿ ಪುಸ್ತಕದಲ್ಲಿ ರುಜು ಹಾಕುವ ಕೆಲಸವನ್ನು ನನಗೆ ಕೊಟ್ಟರು. ರುಜು ಬೀಳದೆ ಗಾಡಿ ಹೊರಡುವಂತಿರಲಿಲ್ಲ.

ನೋಡುವುದು ಹೇಗೆಂದು ಮಂಗಳೂರಿನ ಮೆಕ್ಯಾನಿಕ್ ಕಲಿಸಿದ್ದರು. ಚೈನಿನ ಒಂದೊಂದು ಪಟ್ಟಿಯನ್ನೂ ಒರೆಸಿ, ಟಾರ್ಚು ಬಿಟ್ಟು ಬಿರುಕು ಹುಡುಕಬೇಕು. "ಇದಕ್ಕೆ ಎಣ್ಣೆ ಬಿಟ್ಟು ಬೇರೆ ಎಂತದ್ದೂ ಹಚ್ಚಬಾರ್ದು ಮಾರಾಯ್ರೆ. ಬಿರುಕು ಮುಚ್ಚಿಹೋದ್ರೆ ಟಾರ್ಚು ಬಿಟ್ಟು ಎಂತ ಪ್ರಯೋಜನ?"

ಆ ವರ್ಷ ಆಯುಧಪೂಜೆಗೆ ಗಾಡಿ ತೊಳೆದವರು, ಗೇಟಿಗೆ ಬಳಿದು ಉಳಿದಿದ್ದ ಬೆಳ್ಳಿ ಬಣ್ಣವನ್ನು ಭಕ್ತಿಯಿಂದ ಚೈನಿಗೂ ಬಳಿದುಬಿಟ್ಟರು. ಮೇಲೆ ಕುಂಕುಮ, ಚೆಂಡುಹೂವು.

ರಜೆ ಮುಗಿದ ಬೆಳಿಗ್ಗೆ ನಾನು ಬಣ್ಣ ಒರೆಸಲು ಸೀಮೆಎಣ್ಣೆ, ಬಟ್ಟೆ ಹಿಡಿದು ಹೋದೆ.

"ಸಾರೇ, ನಮ್ಮ ಗಾಡಿ ಮದುಮಗಳ ಹಾಗಿಲ್ವಾ?" ಎಂದ ಡ್ರೈವರ್.

ಕೂಲಿಯವರ ಮೇಸ್ತ್ರಿ ಸಂಪಾಜೆ ಕಡೆಯವರು, ನನ್ನ ಅಪ್ಪನ ವಯಸ್ಸು. "ಮದುಮಗಳ ಮೋರೆ ಒರ್ಸಿಕೆ ಹೋಗ್ಬೇಡಿ ಸಾರ್, ಪೂಜೆ ಮಾಡ್ದ ಗಾಡಿ ಅದ್" ಎಂದರು. ಎಲ್ಲರೂ ನಕ್ಕರು. ಅವರೆದುರು ಆ ಕುಂಕುಮ ಒರೆಸಲು ನನಗೆ ಮನಸ್ಸು ಬರಲಿಲ್ಲ. ನಾನೂ ನಕ್ಕೆ. ಚೈನಿನ ಮೇಲೊಮ್ಮೆ ಬೆರಳಾಡಿಸಿದೆ. ನುಣುಪಾಗಿತ್ತು. ರುಜು ಹಾಕಿದೆ.

ಹತ್ತು ಗಂಟೆ ಇರಬಹುದು. ಗಾಡಿ ಹದಿನಾರು ಮೂಟೆಗಳನ್ನು ಅಟ್ಟಿಯ ಎತ್ತರಕ್ಕೆ ಎತ್ತಿತ್ತು. ಕೆಳಸಾಲಿನಲ್ಲಿ ಒಂದು ಮೂಟೆಯ ಬಾಯಿ ಬಿಚ್ಚಿ ಕಾಫಿ ಸುರಿಯುತ್ತಿತ್ತು. ಎತ್ತಿದ ಹೊರೆಯಡಿ ಯಾರೂ ಹೋಗಬಾರದೆಂದು ಉಳಿದವರನ್ನು ಗದರುತ್ತಿದ್ದ ಮೇಸ್ತ್ರಿಯೇ ಅದನ್ನು ಸರಿಮಾಡಲು ಬಗ್ಗಿ ಒಳಗೆ ಹೋದರು. ನಾನು ಹತ್ತಡಿ ದೂರದಲ್ಲಿದ್ದೆ. ಬಾಯಿ ತೆರೆದದ್ದು ನೆನಪಿದೆ. ಕೂಗಿದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ. ಚೈನು ಕಡಿದು ಹೊರೆ ಬಿತ್ತು, ಕೋವಿ ಹೊಡೆದಂಥ ಸದ್ದು. ಅದು ದಿನಕ್ಕೊಂದು ಸಲವಾದರೂ ನನ್ನ ಕಿವಿಯಲ್ಲಿ ಆಗುತ್ತದೆ. ಪ್ರತಿ ಸಲವೂ ನಾನು ಓಡಿಹೋಗಿ ಅವರ ಅಂಗಿ ಹಿಡಿದೆಳೆಯುತ್ತೇನೆ. ಅಂದು ಮಾತ್ರ ನಿಂತೇ ಇದ್ದೆ.

ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು.

ಮೆಕ್ಯಾನಿಕ್ ಬಂದು, ತುಂಡಾದ ಪಟ್ಟಿಯ ಬಣ್ಣ ತೊಳೆದು ತೋರಿಸಿದರು. ಮುರಿದ ಜಾಗ ಅರ್ಧ ಹೊಳೆಯುತ್ತಿತ್ತು, ಅರ್ಧ ತುಕ್ಕು ಹಿಡಿದಿತ್ತು. ಬಿರುಕು ಹಳೆಯದು. ಪಕ್ಕದ ಪಟ್ಟಿಯಲ್ಲೂ ಕೂದಲೆಳೆಯಂಥದೊಂದು ಇತ್ತು. ಒರೆಸಿದ್ದರೆ ಕಾಣುತ್ತಿತ್ತು.

ಎರಡು ವಾರ ಬಿಟ್ಟು ಮಡಿಕೇರಿಯ ಆಸ್ಪತ್ರೆಗೆ ಹೋದೆ. ಮೇಸ್ತ್ರಿಯ ಹೆಂಡತಿ ಅವರಿಗೆ ಗಂಜಿ ಕುಡಿಸುತ್ತಿದ್ದರು. ಏನು ಮಾತಾಡುವುದೋ ತಿಳಿಯದೆ, "ನೀವು ಯಾಕೆ ಹೊರೆಯ ಅಡಿಗೆ ಹೋದ್ರಿ?" ಎಂದುಬಿಟ್ಟೆ.

"ಬೆಳಗ್ಗೆ ನೀವು ನೋಡಿದ್ರಲ್ಲ ಸಾರ್. ನೀವು ನೋಡ್ದ ಮೇಲೆ ಎಂತ ಹೆದ್ರಿಕೆ ಅಂತ ಹೋದೆ."

ಅವರ ದನಿಯಲ್ಲಿ ದೂರು ಇರಲಿಲ್ಲ.

"ನಾನು ನೋಡಿರ್ಲಿಲ್ಲ" ಎಂದೆ.

ಅವರ ಹೆಂಡತಿಯ ಕೈಯಲ್ಲಿ ಚಮಚ ಹಾಗೇ ನಿಂತಿತು. ಮೇಸ್ತ್ರಿ, "ಬಸ್ಸಿಗೆ ಹೊತ್ತಾತ್, ಹೋಗಿ ಸಾರ್" ಎಂದು ಗೋಡೆಯ ಕಡೆ ತಿರುಗಿದರು.