ನಮ್ಮ ಮಿಕ್ಸರ್‌ಗೊಂದು ಬ್ಯಾಗ

ದೋಸ್ತರ, ಇವತ್ತ ಚಿಕ್ಕೋಡಿಗೆ ಹೋಗಿ ನಮ್ಮ ಭಜನಾ ಮಂಡಳಿಯ ಸೌಂಡ್ ಮಿಕ್ಸರ್‌ಗೆ ಬ್ಯಾಗ ತಂದ್ವಿ. ಇಲ್ಲೀತನಕ ಅದು ನಮ್ಮ ಹಾರ್ಮೋನಿಯಂ ಪೇಟಿ ಮಾಸ್ತರ ಶಿವಪ್ಪ ಕಾಕಾನ ಅವ್ವ ಹೊಲದಿದ್ದ ಕೌದಿಯೊಳಗ ಊರೂರು ತಿರಗತಿತ್ತು. ಹೋದ ವಾರ ಬಸ್ಸಿನ್ಯಾಗ ಬಡದು ಮಿಕ್ಸರಿಂದು ಒಂದು ಗುಂಡಿ ಮುರೀತು. ಅದಕ್ಕ ಬ್ಯಾಗ ಬೇಕಾತು.

ಕಾಕಾ ಅಂಗಡಿಗೂ ಮಿಕ್ಸರ್ ಕೌದಿ ಸಮೇತ ತಂದಿದ್ರು. ಒಂದು ಬ್ಯಾಗಿನ್ಯಾಗೂ ಹಿಡೀಲಿಲ್ಲ.

"ಕೌದಿ ತಗೀರಿ ಕಾಕಾ. ಬ್ಯಾಗಿನೊಳಗ ಫೋಮ್ ಐತ್ರಿ" ಅಂದ ಅಂಗಡಿಯಾಂವ.

"ಫೋಮ್ ನಿನ್ನಿ ಮೊನ್ನಿ ಬಂದೈತಿ. ಈ ಕೌದಿಯೊಳಗ ನಾಕ ಮಕ್ಕಳು ದೊಡ್ಡವರಾಗ್ಯಾರ" ಅಂದ್ರು ಕಾಕಾ.

ಒಂದು ತಾಸಿನ ಮ್ಯಾಲ ಒಪ್ಪಿದ್ರು. ಕೌದಿ ತಗದು ಇಟ್ಟ ನೋಡಿದ್ರ ಮಿಕ್ಸರ್ ಬರೋಬ್ಬರಿ ಕೂತಿತು. ಬ್ಯಾಗ ತಗೊಂಡು ಊರಿಗೆ ಹೊಳ್ಳಿ ಹೋಗಾಕ ಅಂಕಲಿ ಬಸ್ ಹತ್ತಿದ್ವಿ. ಹತ್ತಿದ ಕೂಡ್ಲೆ ಕಾಕಾ ಮಿಕ್ಸರ್ ಹೊರಗ ತಗದ್ರು.

"ಯಾಕ್ರಿ ಕಾಕಾ?"

"ಹೊಸಾ ಸಾಮಾನಪಾ. ಅಮಾಸಿಗೆ ಪೂಜಾ ಮಾಡಿ ಆಮ್ಯಾಲ ವಾಪರ್ಸೂದು."

ಈಗ ಅದ ಬಸ್ಸಿನ್ಯಾಗ ಕೂತು ಬರಿಯಾಕತ್ತೀನಿ. ಹೊಸಾ ಬ್ಯಾಗಿಗೆ ಧೂಳ ಹತ್ತಬಾರದಂತ ಕಾಕಾ ಅದಕ್ಕ ಕೌದಿ ಸುತ್ತ್ಯಾರ. ಮಿಕ್ಸರ್ ಬರೇ ಮೈಲೆ ನನ್ನ ತೊಡಿ ಮ್ಯಾಲ ಕೂತೈತಿ. ರಸ್ತಾದಾಗ ತಗ್ಗ ಬಂದಾಗೆಲ್ಲ ಕಾಕಾ ಬ್ಯಾಗ ಗಟ್ಟಿ ಹಿಡಕೋತಾರ.