ರಾತ್ರಿ ಊಟ ಆದ ಮೇಲೆ

ಕಳೆದ ತಿಂಗಳು ತಿ. ನರಸೀಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬರುತ್ತಿದ್ದಾಗ ಯಾರದೋ ಮನೆಯಿಂದ ರಾಗಿ ಹುರಿಯುವ ವಾಸನೆ ಬಂತು. ನೆನೆಸಿ ಆರಿಸಿದ ರಾಗಿ ಕಾದ ಮರಳಿನಲ್ಲಿ ಅರಳುವಾಗಿನ ವಾಸನೆ. ಸ್ವಲ್ಪ ಸುಟ್ಟಂತೆ, ಸ್ವಲ್ಪ ಸಿಹಿಯಾದಂತೆ. ನಾನು ಬಸ್ಸಿಗೆ ಹೊರಟಿದ್ದವನು ಅಲ್ಲೇ ನಿಂತೆ. ಎದುರುಮನೆ ಅಕ್ಕನ ನೆನಪಾಯಿತು.

ಹಲವು ವರ್ಷಗಳ ಹಿಂದೆ ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರನಾಗಿದ್ದೆ. ಆ ಊರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಎದುರಿನ ಹೆಂಚಿನ ಮನೆಯಲ್ಲಿ ಅಕ್ಕ ಒಬ್ಬಳೇ ಇದ್ದಳು. ಹುರಿಹಿಟ್ಟು ಮಾಡಿ, ಮಕ್ಕಳಿರುವ ಮನೆ, ಬಾಣಂತಿಯಿರುವ ಮನೆ ನೋಡಿಕೊಂಡು ಮಾರುತ್ತಿದ್ದಳು. ಗಂಡ ಲಾರಿ ಓಡಿಸುತ್ತಿದ್ದವನು, ತೀರಿಕೊಂಡಿದ್ದ. ಕಾಮಾಲೆಯಿಂದ ಹೋದ ಎಂದು ಬೀದಿಯವರು ತಿಳಿದಿದ್ದರು. ಒಬ್ಬಳೇ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು.

ಒಮ್ಮೆ ಊರಿನಲ್ಲಿ ಎಚ್‌ಐವಿ ಪರೀಕ್ಷಾ ಶಿಬಿರ ನಡೆಯಿತು. ಒಂದು ಕಾಲಂ ಸುದ್ದಿ ಬರೆದಿದ್ದೆ. ಅದು ಅಚ್ಚಾದ ಬೆಳಿಗ್ಗೆ ಅಕ್ಕ ಕೈಯಲ್ಲಿ ಜರಡಿ ಹಿಡಿದುಕೊಂಡೇ ನನ್ನ ಬಾಗಿಲಿಗೆ ಬಂದಳು.

"ತಮ್ಮ, ಅಲ್ಲಿಗೋದೋರ ಎಸ್ರು ನಿಮ್ಗೆ ಕೊಟ್ಟಾರಾ?"

"ಇಲ್ಲ ಅಕ್ಕ, ಯಾರಿಗೂ ಕೊಡಲ್ಲ."

"ಕೊಟ್ರೆ ಆಕ್ಬುಟ್ಟೀಯ ಬುಡು. ಎಮ್ಮೆ ಕರ ಆಕುದ್ರೂ ಪೋಟೊ ಆಕೋ ಜನ ನೀವು" ಎಂದು ನಕ್ಕಳು. ಆ ನಗು ಪೂರ್ತಿಯಾಗಲಿಲ್ಲ. "ನಂಗೂ ಅದೇ ಐತೆ ಕಣಪ್ಪ. ಮೈಸೂರಲ್ಲಿ ನೋಡ್ಸಿವ್ನಿ. ಮಗೀಗಿಲ್ಲ, ಅದೊಂದು ಪುಣ್ಯ. ಅವ್ಳು ಓದು ಮುಗ್ಸಿ ಒಂದ್ ಕೆಲ್ಸ ಅಂತ ಇಡಿಯೋಗಂಟ ನಾನಿದ್ರೆ ಸಾಕು."

ಊರಿನ ಆಸ್ಪತ್ರೆಯಲ್ಲೇ ಮಾತ್ರೆ ಸಿಗುತ್ತಿತ್ತು. ಅವಳು ಅಲ್ಲಿಗೆ ಹೋಗುತ್ತಿರಲಿಲ್ಲ. ಆ ಸಾಲಿನಲ್ಲಿ ಒಂದು ದಿನ ಕಂಡರೂ ಅವಳ ಹಿಟ್ಟನ್ನು ಯಾವ ಬಾಣಂತಿಯ ಮನೆಯವರೂ ಕೊಳ್ಳುತ್ತಿರಲಿಲ್ಲ. ಹಾಗಾಗಿ ತಿಂಗಳು ತಿಂಗಳೂ ಮೈಸೂರಿನ ಚಿಕಿತ್ಸಾ ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿಬರುವಳು. ಮಾತ್ರೆಯ ಪ್ಲಾಸ್ಟಿಕ್ ಡಬ್ಬಿ ಗಲಗಲ ಅನ್ನುತ್ತದೆಂದು ಅಲ್ಲೇ ಮಾತ್ರೆಯನ್ನೆಲ್ಲ ಕರವಸ್ತ್ರಕ್ಕೆ ಸುರಿದು ಗಂಟು ಕಟ್ಟಿ, ಡಬ್ಬಿ ಬಿಸಾಡಿ ಬರುತ್ತಿದ್ದಳು. ಉಳಿದ ಮಾತ್ರೆ ಎಣಿಸಿ ನೋಡಬೇಕು, ಡಬ್ಬಿಯ ಸಮೇತ ತನ್ನಿ ಎಂದು ಕೇಂದ್ರದವರು ಹೇಳುತ್ತಿದ್ದರಂತೆ. ಇವಳು ಬರಿಗೈಯಲ್ಲಿ ಹೋಗುತ್ತಿದ್ದಳು. ಜನಜಂಗುಳಿಯಲ್ಲಿ ಅದನ್ನು ಹಿಡಿದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ಒಂದು ಸಲ ಮೈಸೂರಿನಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಅವತ್ತು ಸಂಶೋಧನೆಯವಳು ಒಬ್ಬಳು ಕೇಂದ್ರಕ್ಕೆ ಬಂದು ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದ್ದಳಂತೆ. ಆಫ್ರಿಕಾದ ದಕ್ಷಿಣದ ಕಡೆಯ ಹಳ್ಳಿಗಳಲ್ಲಿ ಕೆಲಸ ಮಾಡಿ ಬಂದವಳು. ಅಲ್ಲಿ ಈ ಮಾತ್ರೆ ನುಂಗುವವರು ಗುಂಪು ಕಟ್ಟಿಕೊಂಡು, ಸರದಿಯ ಮೇಲೆ ಒಬ್ಬರು ಆಸ್ಪತ್ರೆಗೆ ಹೋಗಿ ಎಲ್ಲರ ಪಾಲನ್ನೂ ತರುತ್ತಾರೆಂದು ಹೇಳಿದ್ದಳಂತೆ.

"ಅಕ್ಪಕ್ಕದೋರ್ಗೆಲ್ಲ ಗೊತ್ತಂತೆ ಕಣಪ್ಪ, ಆದ್ರೂ ಜತೇಲೇ ಅವ್ರಂತೆ. ಆ ಊರಿಗೋಗಿ ಉರಿಟ್ಟು ಮಾರ್ಬೇಕು ನೋಡು, ಚೆಂದಾಗಿ ಯಾಪಾರ ಆಯ್ತದೆ!" ಎಂದಳು. ಕಿಟಕಿಯ ಕಡೆ ತಿರುಗಿ, "ಮಾತ್ರೆ ಯಾವತ್ತಾರ ಬುಟ್ಟಿದ್ದೀರಾ ಅಂದ್ರು. ಒಂದ್ ದಿನಾನೂ ಬುಟ್ಟಿಲ್ಲ ಅಂದೆ. ಆಣೆಗೂ ಬುಟ್ಟಿಲ್ಲ" ಎಂದಳು.

ಅವಳು ಸುಳ್ಳು ಹೇಳುತ್ತಿರಲಿಲ್ಲ.

ಆದರೂ ಸೊರಗುತ್ತ ಹೋದಳು. ಕೆನ್ನೆ ಒಳಕ್ಕೆ ಹೋಯಿತು, ಕೆಮ್ಮು ಹಿಡಿಯಿತು. ರಕ್ತಪರೀಕ್ಷೆಯಲ್ಲಿ ರೋಗ ತಡೆಯುವ ಕಣಗಳ ಲೆಕ್ಕ ಏರಬೇಕಾದ ಕಡೆ ಇಳಿಯುತ್ತಿತ್ತು. ಡಾಕ್ಟರು ಪ್ರತಿ ಸಲವೂ ಅದೇ ಪ್ರಶ್ನೆ ಕೇಳುವರು, ಅವಳು ಅದೇ ಉತ್ತರ ಕೊಡುವಳು. ಮದುವೆಯಾದಾಗಿನಿಂದಲೂ ಅವಳದು ನಂಜನಗೂಡಿನ ದೇವರಿಗೆ ಸೋಮವಾರದ ಒಪ್ಪತ್ತು. ಮಧ್ಯಾಹ್ನ ಒಂದು ಹೊತ್ತು ಊಟ, ರಾತ್ರಿ ನೀರು ಮಾತ್ರ. ಕಾಯಿಲೆ ಏರಿದ ಹಾಗೆ ಹರಕೆಯೂ ಏರಿತು. ಶುಕ್ರವಾರ ಸೇರಿಕೊಂಡಿತು, ಆಮೇಲೆ ಶನಿವಾರ. ಮಾತ್ರೆ ಮೈಗೆ ಹತ್ತಲಿ ಎಂದೇ ಆ ಹರಕೆ. ಇಷ್ಟು ಸೊರಗಿದವಳು ಉಪವಾಸ ಮಾಡಬಾರದು ಎಂದು ನಾನೂ ಹೇಳಿದೆ, ಪಕ್ಕದ ಮನೆಯವರೂ ಹೇಳಿದರು. ಅವಳು ಕೇಳುವವಳಲ್ಲ...

ಉಸಿರಾಡಲು ಆಗದೆ ಮೈಸೂರಿನ ಆಸ್ಪತ್ರೆಗೆ ಸೇರಿಸಿದಾಗ ಜೊತೆಯಲ್ಲಿ ಹೋದವನು ನಾನು. ಮಗಳಿಗೆ ಇನ್ನೂ ತಿಳಿಸಿರಲಿಲ್ಲ. ಶ್ವಾಸಕೋಶಕ್ಕೆ ಕ್ಷಯ ಹತ್ತಿದೆ ಎಂದರು. ಮಾರನೆಯ ದಿನ ಬೆಳಿಗ್ಗೆ ಕೇಂದ್ರದ ಆಪ್ತ ಸಮಾಲೋಚಕಿ ಬಂದು ಹಾಸಿಗೆಯ ಬದಿಯಲ್ಲಿ ಕುಳಿತಳು. ಏನಾದರೂ ಮಾತಾಡಬೇಕಲ್ಲ ಎಂಬಂತೆ ಕೇಳಿದಳು.

"ರಾತ್ರಿ ಏನು ಊಟ ಮಾಡಿದ್ರಿ ಅಮ್ಮ?"

"ನೆನ್ನೆ ಸ್ವಾಮಾರ ಅಲ್ವಾ ಕಣವ್ವ, ಒಪ್ಪತ್ತು."

"ಮಾತ್ರೆ ತಗೊಂಡ್ರಾ?"

ಅಕ್ಕ ಅವಳ ಮುಖ ನೋಡಿದಳು. "ಊಟನೇ ಮಾಡ್ದೆ ಮಾತ್ರೆ ಎಂಗವ್ವ ತಗಳೋದು? ರಾತ್ರಿ ಊಟ ಆದ್ಮೇಲೆ ಅಂತ ಏಳ್ದೋರು ನೀವೇ ಅಲ್ವಾ?"

ಆ ಹೆಣ್ಣುಮಗಳು ಹತ್ತಿರಕ್ಕೆ ಸರಿದಳು. ಎಷ್ಟು ಕಾಲದಿಂದ ಹೀಗೆ ಎಂದು ಮೆಲ್ಲಗೆ ಕೇಳಿದಳು. ಮೊದಲಿನಿಂದಲೂ ಎಂದಳು ಅಕ್ಕ. ಆಗ ಸಮಾಲೋಚಕಿ ವಿವರಿಸಿದಳು. ನಡುನಡುವೆ ಬಿಟ್ಟರೆ ರೋಗಾಣು ಔಷಧಿಗೆ ಒಗ್ಗಿಕೊಂಡುಬಿಡುತ್ತದೆ, ಆಮೇಲೆ ಅದೇ ಮಾತ್ರೆ ಎಷ್ಟು ತಗೊಂಡರೂ ಕೆಲಸ ಮಾಡುವುದಿಲ್ಲ. ಊಟ ಇರಲಿ ಬಿಡಲಿ, ಮಾತ್ರೆ ತಪ್ಪಬಾರದಿತ್ತು.

ಅಕ್ಕ ಅಷ್ಟನ್ನೂ ಕೇಳಿಸಿಕೊಂಡಳು. ಕಷ್ಟಪಟ್ಟು ಎದ್ದು ಕೂತಳು.

"ನಾನ್ ಒಂದೂ ಬಿಸಾಕಿಲ್ಲ ಕಣವ್ವ. ಒಪ್ಪತ್ತಿನ ದಿನದ್ದೆಲ್ಲ ಅಂಗೇ ಮಡಗಿವ್ನಿ, ಮನೇಲಿ ರಾಗಿ ಡಬ್ಬದಡೀಲಿ. ಈ ತಮ್ಮ ಓಗಿ ತತ್ತಾನೆ. ಎಲ್ಲಾನೂ ಈಗ ಒಟ್ಗೆ ನುಂಗುದ್ರೆ ಆಗಾಕಿಲ್ವಾ?"

ಸಮಾಲೋಚಕಿ ಆಗುವುದಿಲ್ಲವೆಂದು ತಲೆಯಾಡಿಸಿದಳು. "ಎರಡ್ ದಿನಕ್ಕೆ ಸ್ವಲ್ಪ ಸ್ವಲ್ಪ ಅಂತನಾದ್ರೂ?" ಎಂದಳು ಅಕ್ಕ. ಆಮೇಲೆ ನನ್ನ ಕಡೆ ತಿರುಗಿ, "ನೀನಾರ ಒಂದ್ ಮಾತು ಏಳು, ಪೇಪರ್ನೋನು" ಎಂದಳು.

ಬೇರೆ ಔಷಧಿ ಶುರು ಮಾಡಿದರು. ಆ ಮೈಯಲ್ಲಿ ಅದನ್ನು ತಡೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಮಗಳನ್ನು ಕರೆಸಿದೆವು. ಕಾಯಿಲೆಯ ಹೆಸರನ್ನು ಅಕ್ಕನೇ ಹೇಳಿದಳು. ಒಪ್ಪತ್ತಿನ ಸಂಗತಿ ಮಾತ್ರ ಹೇಳಲಿಲ್ಲ, ನೀನೂ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಳು. "ನಮ್ಮವ್ವ ದಡ್ಡಿ ಅಂದ್ಕತ್ತಾಳೆ." ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಿತ್ತು. ಅದು ಶುರುವಾಗುವ ಮೊದಲೇ ಅಕ್ಕ ಹೋದಳು. ಮಣ್ಣಿಗೆ ಬಂದವರು ಕೆಲವೇ ಜನ. ವಿಷಯ ಹೇಗೋ ಬೀದಿಗೆ ತಿಳಿದಿತ್ತು...

ರಾಗಿ ಹುರಿಯುವ ವಾಸನೆ ಬಂದ ಆ ದಿನ ನಾನು ನಂಜನಗೂಡಿನಲ್ಲಿ ಇಳಿದು ಮಗಳ ಮನೆಗೆ ಹೋದೆ. ಅಲ್ಲಿಗೇ ಮದುವೆಯಾಗಿ ಬಂದಿದ್ದಾಳೆ, ಶಾಲೆಯೊಂದರ ಕಚೇರಿಯಲ್ಲಿ ಕೆಲಸ. ಕಾಫಿ ಕೊಟ್ಟು, ಎದುರಿಗೆ ಕೂತು, ಬಹಳ ಕಾಲದಿಂದ ಇಟ್ಟುಕೊಂಡಿದ್ದ ಮಾತನ್ನು ತೆಗೆದಳು.

"ಅಣ್ಣ, ಮನೆ ಖಾಲಿ ಮಾಡುವಾಗ ರಾಗಿ ಡಬ್ಬದ ಕೆಳಗೆ ಮಾತ್ರೆ ಸಿಕ್ತು. ಗಂಟುಗಟ್ಲೆ. ಅವ್ವ ಬೇಕಂತಾನೇ ತಗೊಳ್ತಿರಲಿಲ್ಲ. ಬದುಕೋದು ಬೇಡವಾಗಿತ್ತು ಅವಳಿಗೆ, ಅಲ್ವಾ?"

ಹೇಳಬೇಡ ಎಂದವಳ ಮಾತನ್ನು ಮೀರಿ ಎಲ್ಲವನ್ನೂ ಹೇಳಿದೆ. ಸೋಮವಾರ, ಶುಕ್ರವಾರ, ಶನಿವಾರ. ಬದುಕಬೇಕು ಎಂದು ಹೊತ್ತ ಹರಕೆ.

"ಅಷ್ಟು ವರ್ಷ, ರಾತ್ರಿ ಊಟ ಮಾಡ್ತೀಯಾ ಅಂತ ಅವಳನ್ನ ಯಾರೂ ಕೇಳ್ಲಿಲ್ವಾ ಅಣ್ಣ?"

"ಇಲ್ಲ" ಎಂದೆ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು. "ಮಾರ್ಲಮಿ ಹಬ್ಬಕ್ಕೆ ಅತ್ತೆ ಮನೇಲಿ ತೀರಿಹೋದ ಹಿರಿಯರಿಗೆಲ್ಲ ಎಡೆ ಇಡ್ತೀನಿ. ಅವ್ವಂಗೆ ಮಾತ್ರ ಒಂದು ವರ್ಷವೂ ಇಟ್ಟಿಲ್ಲ. ನನ್ನ ಬಿಟ್ಟು ಸಾಯಬೇಕು ಅಂತ ಸತ್ತವಳಿಗೆ ಯಾಕೆ ಅನ್ನ ಅಂತ..."

ನಾನು ಕಾಫಿಯ ಲೋಟ ಕೆಳಗಿಟ್ಟೆ. ಅಕ್ಕ ಇನ್ನು ಯಾವ ಹೊತ್ತಿನ ಊಟಕ್ಕೂ ಬರುವವಳಲ್ಲ.