ನನ್ನ ಕಾರಿನದಲ್ಲದ ಸದ್ದು

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಗುತ್ತಿದ್ದವಳು. ಅವರ ಎದುರಿಗೆ ನಗದಿದ್ದರೂ ಮನೆಗೆ ಬಂದ ಮೇಲೆ ನಗುತ್ತಿದ್ದೆ. ರಾಮನಗರದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, ತೀರಿಹೋದ ಅತ್ತೆ ಕನಸಿನಲ್ಲಿ ಬಂದು ಬೀರುವಿನ ಬೀಗದ ಕೈ ಎಲ್ಲಿದೆಯೆಂದು ತೋರಿಸಿದರು ಎಂದಾಗ, ‘ನಿಮಗೆ ಮೊದಲೇ ಗೊತ್ತಿತ್ತು, ಮರೆತಿದ್ದಿರಿ ಅಷ್ಟೆ’ ಎಂದು ಹೇಳಿ ಅವರ ಮುಖ ಬಾಡಿಸಿದ್ದೇನೆ. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಒಂದಕ್ಕೆರಡು ಸೇರಿಸುವುದಿಲ್ಲ.

ಇದು ಐದು ವರ್ಷದ ಹಿಂದಿನ ಮಾತು. ನನ್ನದು ಹದಿನೇಳು ವರ್ಷ ಓಡಿದ ಸಣ್ಣ ಕಾರು. ಅಣ್ಣ ಹೊಸದು ತೆಗೆದುಕೊಂಡಾಗ ಹಳೆಯದನ್ನು ನನಗೆ ಕೊಟ್ಟಿದ್ದ. ಆ ವರ್ಷ ದೀಪಾವಳಿ ಕಳೆದ ಮೇಲೆ ಅದರ ಮುಂದಿನ ಚಕ್ರದ ಕಡೆಯಿಂದ ಒಂದು ಸದ್ದು ಶುರುವಾಯಿತು. ದೂರದಲ್ಲೆಲ್ಲೋ ಹಿಟ್ಟಿನ ಗಿರಣಿ ಓಡುತ್ತಿರುವ ಹಾಗೆ ಗುಂಯ್ ಎನ್ನುವ ಸದ್ದು. ವೇಗ ನಲವತ್ತು ದಾಟಿದರೆ ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು. ಊರಿನಲ್ಲೇ ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಒಬ್ಬರು ಟೈರು ಏರುಪೇರಾಗಿ ಸವೆದಿದೆ ಎಂದರು, ಟೈರು ಬದಲಾಯಿಸಿದೆ. ಇನ್ನೊಬ್ಬರು ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರು, ಅದನ್ನೂ ಹಾಕಿಸಿದೆ. ಸದ್ದು ಮಾತ್ರ ಹಾಗೇ ಇತ್ತು.

ಆಗ ಯಾರೋ ಚನ್ನಪಟ್ಟಣದ ನಯಾಜ್ ಅವರ ಹೆಸರು ಹೇಳಿದರು. ಐವತ್ತರ ಆಸುಪಾಸಿನ ಮನುಷ್ಯ. ಅವರ ತಂದೆ ಬಣ್ಣದ ಗೊಂಬೆ ಮಾಡುತ್ತಿದ್ದವರಂತೆ. ಮಗ ಗಾಡಿ ರಿಪೇರಿ ಕಲಿತಾಗ ಒಂದು ಮೊಳದ ಮರದ ಕೋಲನ್ನು ನುಣ್ಣಗೆ ಕಡೆದು ಕೊಟ್ಟಿದ್ದರಂತೆ. ಗಾಡಿಯನ್ನು ಜಾಕಿನ ಮೇಲೆತ್ತಿ ಚಕ್ರ ತಿರುಗಿಸಿ, ಕೋಲಿನ ಒಂದು ತುದಿಯನ್ನು ಚಕ್ರದ ಹತ್ತಿರದ ಕಬ್ಬಿಣಕ್ಕೆ, ಇನ್ನೊಂದು ತುದಿಯನ್ನು ಕಿವಿಗೆ ಕೊಟ್ಟು ನಯಾಜ್ ಸದ್ದಿನ ಮೂಲ ಹೇಳುತ್ತಾರೆ ಎಂದು ಹೆಸರಾಗಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಗಟ್ಟಿ ವಸ್ತುವಿನಲ್ಲಿ ಶಬ್ದ ಗಾಳಿಗಿಂತ ಚೆನ್ನಾಗಿ ಹರಿಯುತ್ತದೆ ಎಂದು ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ.

ಫೋನಿನಲ್ಲಿ ಅವರು ಡಾಕ್ಟರಂತೆ ವಿಚಾರಿಸಿದರು. ಸದ್ದು ವೇಗಕ್ಕೆ ಏರುತ್ತದೆಯೋ, ಗುಂಡಿಗೆ ಇಳಿದಾಗ ಮಾತ್ರ ಬರುತ್ತದೆಯೋ, ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಹೆಚ್ಚುತ್ತದೆಯೋ, ಬ್ರೇಕ್ ಒತ್ತಿದರೆ ನಿಲ್ಲುತ್ತದೆಯೋ. ಒಂದೇ ಸಮನೆ ಗುಂಯ್ ಎಂದು, ಬಲಕ್ಕೆ ತಿರುಗಿಸಿದಾಗ ಜೋರಾದರೆ ಎಡಗಡೆ ಚಕ್ರದ ಬೇರಿಂಗ್ ಇರಬೇಕು. ಗುಂಡಿಯಲ್ಲಿ ಕಟಕ್ ಎಂದರೆ ಅದು ಬೇರೆ ಕಾಯಿಲೆ ಎಂದರು. ಚನ್ನಪಟ್ಟಣಕ್ಕೆ ಬರುವ ಮೊದಲು ಫೋನನ್ನು ಎಡಗಡೆ ಮುಂದಿನ ಸೀಟಿನ ಕೆಳಗಿಟ್ಟು, ಒಂದು ನಿಮಿಷ ಗಾಡಿ ಓಡಿಸಿ, ಸದ್ದು ರೆಕಾರ್ಡ್ ಮಾಡಿ ಕಳಿಸಲು ಹೇಳಿದರು.

ಅದು ಶನಿವಾರ. ನಮ್ಮ ಶಾಲೆ ಹನ್ನೊಂದೂವರೆಗೆ ಬಿಟ್ಟಿತು. ನಾನು ಒಬ್ಬಳೇ ಮಾಗಡಿ ರಸ್ತೆಯಲ್ಲಿ ಊರು ದಾಟಿ ಹೋದೆ. ಗಾಜುಗಳನ್ನೆಲ್ಲ ಏರಿಸಿ, ಫೋನನ್ನು ಅವರು ಹೇಳಿದ ಕಡೆ ಇಟ್ಟು, ಐವತ್ತರ ವೇಗದಲ್ಲಿ ಸ್ವಲ್ಪ ದೂರ ಓಡಿಸಿದೆ. ಸದ್ದು ಎಂದಿನಂತೆ ಬಂತು. ನಡುವೆ ಒಮ್ಮೆ ಕೆಮ್ಮಿದೆ. ಎದುರಿಗೆ ಒಂದು ಬಸ್ಸು ಹಾರ್ನ್ ಮಾಡಿಕೊಂಡು ಹೋಯಿತು. ಹುಣಸೆ ಮರದ ಕೆಳಗೆ ನಿಲ್ಲಿಸಿ, ಕೇಳಿ ನೋಡುವ ಗೋಜಿಗೂ ಹೋಗದೆ ನಯಾಜ್ ಅವರಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಅವರ ಫೋನ್ ಬಂತು.

‘ಮೇಡಂ, ಗಾಡಿ ಎಲ್ಲೈತೋ ಅಲ್ಲೇ ನಿಲ್ಸಿ,’ ಎಂದರು. ‘ಇದು ಬೇರಿಂಗ್ ಅಲ್ಲ. ಬಲಗಡೆ ಕೆಳಗಿನ ಬಾಲ್ ಜಾಯಿಂಟು. ಅದು ಕಿತ್ಕೊಂಡ್ರೆ ಚಕ್ರ ಮಡ್ಚ್ಕೊಂಡು ಬಿದ್ದೋಯ್ತದೆ. ಮೊದ್ಲು ಮಕ್ಳನ್ನೆಲ್ಲ ಕೆಳಗಿಳ್ಸಿ.’

‘ಯಾವ ಮಕ್ಕಳು?’ ಎಂದೆ.

‘ಗಾಡೀಲಿ ಅಷ್ಟೊಂದು ಮಕ್ಳು ಅವ್ರಲ್ಲ ಮೇಡಂ,’ ಎಂದರು.

ನಾನು ಒಬ್ಬಳೇ ಇದ್ದೇನೆ ಎಂದು ಹೇಳಿ ಫೋನ್ ಇಟ್ಟು, ಕಳಿಸಿದ್ದನ್ನು ಹಾಕಿ ಕೇಳಿದೆ. ಗುಂಯ್ ಎನ್ನುವ ಸದ್ದು ಅದರಲ್ಲಿ ಇರಲೇ ಇಲ್ಲ. ಒಂದು ದೊಡ್ಡ ಗಾಡಿಯ ಇಂಜಿನ್ನು; ಗಾಡಿ ಕುಲುಕಿದಾಗಲೆಲ್ಲ ಕಟಕ್, ಕಟಕ್; ತಿರುವಿನಲ್ಲಿ ಕಬ್ಬಿಣ ನರಳುವಂಥ ಕಿರ್ರ್ ಎನ್ನುವ ಶಬ್ದ. ಅದರ ಮೇಲೆಲ್ಲ ಮಕ್ಕಳ ಗಲಾಟೆ. ಹತ್ತು ಹದಿನೈದು ಮಕ್ಕಳಾದರೂ ಇರಬೇಕು. ಯಾರೋ ಮಗ್ಗಿ ಹೇಳುತ್ತಿದ್ದರು, ಯಾರೋ ಜಗಳವಾಡುತ್ತಿದ್ದರು. ಕೊನೆಯ ಹೊತ್ತಿಗೆ ಒಂದು ಹೆಣ್ಣು ಮಗುವಿನ ದನಿ, ಫೋನಿನ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ: ‘ಶಿವಣ್ಣ ಮಾಮ, ಒಸಿ ನಿಧಾನಕ್ಕೋಗು.’ ಅಲ್ಲಿಗೆ ನಿಂತಿತು.

ನಾನು ತಿರುಗಿ ಹಿಂದಿನ ಸೀಟು ನೋಡಿದೆ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಅಲ್ಲಿ ತಿದ್ದಬೇಕಾದ ನೋಟ್‌ಬುಕ್ಕುಗಳ ಕಟ್ಟು ಬಿಟ್ಟು ಬೇರೇನೂ ಇರಲಿಲ್ಲ. ಬಾಗಿಲು ತೆರೆದು ಕೆಳಗಿಳಿದು ಬಿಸಿಲಿನಲ್ಲಿ ನಿಂತುಕೊಂಡೆ. ಕಾರಿನೊಳಗೆ ಕೂತಿರಲು ಆಗಲಿಲ್ಲ.

ಅಲ್ಲಿಂದಲೇ ನಯಾಜ್ ಅವರಿಗೆ ಮತ್ತೆ ಫೋನ್ ಮಾಡಿ, ಕೊನೆಯಲ್ಲಿ ಒಂದು ಹೆಸರು ಬರುತ್ತದೆ, ಕೇಳಿದಿರಾ ಎಂದೆ. ಅವರು ಕಟಕ್ ಎನ್ನುವುದನ್ನು ಕೇಳಿದವರೇ ಗಾಬರಿಯಾಗಿ ನನಗೆ ಫೋನ್ ಮಾಡಿದ್ದರು, ಪೂರ್ತಿ ಕೇಳಿರಲಿಲ್ಲ. ಈಗ ಕೊನೆತನಕ ಕೇಳಿ ತಾವೇ ಫೋನ್ ಮಾಡಿದರು. ದನಿ ಬದಲಾಗಿತ್ತು. ಅಕ್ಕೂರಿನ ಶಿವಣ್ಣ ಎಂಬವರು ಹಳೆಯ ವ್ಯಾನಿನಲ್ಲಿ ಚನ್ನಪಟ್ಟಣದ ಒಂದು ಶಾಲೆಗೆ ಮಕ್ಕಳನ್ನು ಕರೆತರುತ್ತಾರೆ. ಹಿಂದಿನ ತಿಂಗಳು ಅವರು ಗ್ಯಾರೇಜಿಗೆ ಬಂದಿದ್ದಾಗ, ಬಲಗಡೆಯ ಬಾಲ್ ಜಾಯಿಂಟ್ ಸಡಿಲವಾಗಿದೆ, ತಡಮಾಡಬೇಡ ಎಂದು ನಯಾಜ್ ಹೇಳಿದ್ದರಂತೆ. ‘ಮುಂದಿನ್ವಾರ ಬತ್ತೀನಿ’ ಎಂದು ಹೋದವರು ಬಂದಿರಲಿಲ್ಲ. ಇಷ್ಟು ಹೇಳಿ, ಶಿವಣ್ಣನಿಗೆ ಫೋನ್ ಮಾಡುತ್ತೇನೆ ಎಂದು ನಯಾಜ್ ಇಟ್ಟುಬಿಟ್ಟರು.

ಆ ಮಾತುಕತೆಯನ್ನು ಅವರು ನನಗೆ ಆಮೇಲೆ ಹೇಳಿದರು. ಮೊದಲ ಎರಡು ಸಲ ಶಿವಣ್ಣ ಫೋನ್ ಎತ್ತಲೇ ಇಲ್ಲ. ಮೂರನೆಯ ಸಲ ಎತ್ತಿದಾಗ ಅವರು ಇನ್ನೂ ಶಾಲೆಯ ಅಂಗಳದಲ್ಲೇ ಇದ್ದರು. ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ಇಳಿಸಿದ ಮೇಲೆ ವ್ಯಾನು ಅಲ್ಲಿಂದ ಕದಲಿರಲಿಲ್ಲ. ಅವರ ಶಾಲೆ ಬಿಡುವುದು ಹನ್ನೆರಡೂವರೆಗೆ.

‘ಗಾಡಿ ಎತ್ಬೇಡ ಕಣ್ಲಾ ಶಿವಣ್ಣ, ನಾನು ಬರೋಗಂಟ ಒಂದು ಮಗೂನೂ ಹತ್ತಿಸ್ಬೇಡ,’ ಎಂದರಂತೆ ನಯಾಜ್.

ಬೆಳಿಗ್ಗೆ ತಾನೆ ಚೆನ್ನಾಗಿ ಓಡಿಸಿಕೊಂಡು ಬಂದಿದ್ದೇನೆ, ಸದ್ದೂ ಇಲ್ಲ ಏನೂ ಇಲ್ಲ ಎಂದು ಶಿವಣ್ಣ ರೇಗಿದರಂತೆ. ನಯಾಜ್ ವಾದ ಮಾಡದೆ ಜಾಕು, ಹಾರೆ ಬೈಕಿಗೆ ಕಟ್ಟಿಕೊಂಡು ಹೊರಟಿದ್ದರು.

ಯಾವ ಶಾಲೆಯೆಂದು ನಯಾಜ್ ಅವರನ್ನೇ ಕೇಳಿಕೊಂಡು ನಾನೂ ಚನ್ನಪಟ್ಟಣಕ್ಕೆ ಹೊರಟೆ. ನಂಬಿ ಹೊರಟೆ ಎಂದಲ್ಲ. ಎಲ್ಲೋ ಒಂದು ತಪ್ಪಾಗಿದೆ, ಅದನ್ನು ಹಿಡಿಯಬೇಕು ಎಂಬ ಹಟವಿತ್ತು. ಆದರೆ ದಾರಿಯುದ್ದಕ್ಕೂ ಮೂವತ್ತರ ಮೇಲೆ ಓಡಿಸಲಾಗಲಿಲ್ಲ.

ನಾನು ಹೋಗುವ ಹೊತ್ತಿಗೆ ಶಾಲೆ ಬಿಟ್ಟಿತ್ತು. ಹೊಂಗೆ ಮರದ ಕೆಳಗೆ ಹದಿನಾಲ್ಕು ಮಕ್ಕಳು ಬ್ಯಾಗುಗಳನ್ನು ರಾಶಿ ಹಾಕಿ ಕೂತಿದ್ದರು. ವ್ಯಾನಿನ ಬಲಗಡೆ ಜಾಕಿನ ಮೇಲಿತ್ತು. ಕೆಳಗೆ ಮಲಗಿದ್ದ ನಯಾಜ್ ನನ್ನ ಕಡೆ ಒಮ್ಮೆ ನೋಡಿ ಕೆಲಸ ಮುಂದುವರಿಸಿದರು. ಪಕ್ಕದಲ್ಲಿ ನಿಂತಿದ್ದ ಶಿವಣ್ಣ, ಮಕ್ಕಳ ಮನೆಯವರಿಗೆ ಏನು ಉತ್ತರ ಹೇಳಲಿ ಎಂದು ಗೊಣಗುತ್ತಲೇ ಇದ್ದರು. ನಯಾಜ್ ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿನ ಸಂದಿಗೆ ಹಾರೆ ಕೊಟ್ಟು ಒಂದು ಸಲ ಮೀಟಿದರು. ದೊಡ್ಡ ಸದ್ದೇನೂ ಆಗಲಿಲ್ಲ. ಮಾಗಿದ ಹಣ್ಣಿನಿಂದ ಬೀಜ ಜಾರಿದ ಹಾಗೆ, ಬಾಲ್ ಜಾಯಿಂಟಿನ ಗುಂಡು ತನ್ನ ಬಟ್ಟಲಿನಿಂದ ಹೊರಗೆ ಬಂತು. ಚಕ್ರ ಓರೆಯಾಗಿ ವಾಲಿಕೊಂಡಿತು.

ಶಿವಣ್ಣ ಗೊಣಗುವುದನ್ನು ನಿಲ್ಲಿಸಿದರು. ಮಕ್ಕಳ ಕಡೆ ನೋಡಿದರು, ಚಕ್ರದ ಕಡೆ ನೋಡಿದರು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ‘ಏರಿ ಮ್ಯಾಲೆ ಹೋಗ್ಬೇಕಿತ್ತಲ್ಲಪ್ಪ,’ ಎಂದರು. ಊರಿಗೆ ಹೋಗುವ ದಾರಿಯಲ್ಲಿ ಒಂದು ಕೆರೆ ಏರಿ ಸಿಗುತ್ತದೆ, ಆ ವರ್ಷ ಕೆರೆ ತುಂಬಿತ್ತು ಎಂದು ನಯಾಜ್ ನನಗೆ ಮೆಲ್ಲಗೆ ಹೇಳಿದರು. ನಿನಗೆ ಕಟಕ್ ಎನ್ನುವುದು ಕೇಳಲೇ ಇಲ್ಲವೇ ಎಂದು ಶಿವಣ್ಣನನ್ನು ಕೇಳಿದರು. ಮಕ್ಕಳ ಗದ್ದಲದಲ್ಲಿ ನನಗೆ ನನ್ನ ಹಾರ್ನೇ ಕೇಳುವುದಿಲ್ಲ ಎಂದರು ಶಿವಣ್ಣ.

ಮಕ್ಕಳನ್ನು ಆಟೋಗಳಲ್ಲಿ ಕಳಿಸಿದ ಮೇಲೆ ಶಿವಣ್ಣ, ನಿಮಗೆ ಹೇಗೆ ಗೊತ್ತಾಯಿತು ಎಂದರು. ನಾನು ಫೋನ್ ತೆಗೆದು ರೆಕಾರ್ಡಿಂಗ್ ಹಾಕಿದೆ. ಗುಂಯ್ ಎಂದಿತು. ನನ್ನ ಕಾರಿನ ಸದ್ದು. ನಡುವೆ ನನ್ನ ಕೆಮ್ಮು, ಆಮೇಲೆ ಬಸ್ಸಿನ ಹಾರ್ನು. ಮಕ್ಕಳಿಲ್ಲ, ಕಟಕ್ ಇಲ್ಲ, ಹೆಸರಿಲ್ಲ. ನಯಾಜ್ ತಮ್ಮ ಫೋನಿನಲ್ಲಿ ಹಾಕಿದರು. ಅದರಲ್ಲೂ ಅಷ್ಟೇ. ಕಳಿಸಿದ ಹೊತ್ತು, ಎಪ್ಪತ್ತು ಸೆಕೆಂಡಿನ ಅಳತೆ ಎಲ್ಲ ಸರಿಯಾಗಿತ್ತು. ಬೇರೆ ಯಾವ ರೆಕಾರ್ಡಿಂಗೂ ಎರಡು ಫೋನಿನಲ್ಲೂ ಇರಲಿಲ್ಲ. ನಯಾಜ್ ಅದನ್ನು ಮೂರು ಸಲ ಕೇಳಿ, ಫೋನನ್ನು ಜೇಬಿಗಿಟ್ಟುಕೊಂಡು, ‘ಇದು ನಿಮ್ದು ಎಡಗಡೆ ಬೇರಿಂಗ್ ಮೇಡಂ, ಸೋಮವಾರ ತನ್ನಿ,’ ಎಂದರು. ಸೋಮವಾರ ಬೇರಿಂಗ್ ಬದಲಾಯಿಸಿದರು, ನನ್ನ ಕಾರಿನ ಸದ್ದು ಹೋಯಿತು.

ಬೇರೆಯವರು ಇದನ್ನು ಹೇಳಿದ್ದರೆ ನಾನು ಏನು ಕೇಳುತ್ತಿದ್ದೆನೋ ಅದನ್ನೆಲ್ಲ ನನ್ನನ್ನೇ ಕೇಳಿಕೊಂಡಿದ್ದೇನೆ. ಪಕ್ಕದಲ್ಲಿ ಬೇರೊಂದು ಶಾಲಾ ವ್ಯಾನು ಹೋಯಿತೇ? ಗಾಜು ಮುಚ್ಚಿದ್ದವು, ಹಾದುಹೋಗುವ ಗಾಡಿಯ ಸದ್ದು ಒಂದು ನಿಮಿಷ ಇರುವುದೂ ಇಲ್ಲ. ನಯಾಜ್ ಮನಸ್ಸಿನಲ್ಲಿದ್ದ ಭಯವೇ ಅವರ ಕಿವಿಗೆ ಕೇಳಿತೇ? ಇರಬಹುದು. ಆದರೆ ಶಿವಣ್ಣ ಎಂಬ ಮನುಷ್ಯ ಇದ್ದಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಆ ಹೆಸರನ್ನು ನಾನು ಮೊದಲು ಕೇಳಿದ್ದು ಆ ಮಗುವಿನ ಬಾಯಿಂದ. ಮಕ್ಕಳ ನಸೀಬು ಚೆನ್ನಾಗಿತ್ತು, ಅದಕ್ಕಿಂತ ಹೆಚ್ಚು ಕೇಳಬಾರದು ಎಂದು ನಯಾಜ್ ಹೇಳುತ್ತಾರೆ. ಅಂಥ ಸಮಾಧಾನ ನನಗೆ ಒದಗಲಿಲ್ಲ.

ಮುಂದಿನ ಯುಗಾದಿಯ ಹೊತ್ತಿಗೆ ಶಿವಣ್ಣನಿಂದ ಎಲ್ಲ ಕೇಳಿ ತಿಳಿದಿದ್ದ ಒಬ್ಬ ತಾಯಿ ಅಕ್ಕೂರಿನಿಂದ ನನ್ನನ್ನು ಹುಡುಕಿಕೊಂಡು ಬಂದರು. ಸಾಕಮ್ಮ ಎಂದು ಹೆಸರು. ರಾಮನಗರದ ಗೂಡಿನ ಮಾರುಕಟ್ಟೆಗೆ ರೇಷ್ಮೆ ಗೂಡು ತಂದಿದ್ದರು. ಜೊತೆಯಲ್ಲಿ ಮೂರನೇ ಕ್ಲಾಸಿನ ಮಗಳಿದ್ದಳು, ಚೈತ್ರ. ಉಳಿದ ಮಕ್ಕಳೆಲ್ಲ ಶಿವಣ್ಣನನ್ನು ಅಂಕಲ್ ಎನ್ನುತ್ತಾರೆ, ನಮ್ಮ ಬೀದಿಯವನಾದ್ದರಿಂದ ನನ್ನ ಮಗಳೊಬ್ಬಳೇ ಮಾಮ ಎನ್ನುವುದು ಎಂದು ಆಕೆ ಹೇಳಿದರು. ತಾನು ಯಾವತ್ತೂ ಹಾಗೆ ನಿಧಾನಕ್ಕೆ ಹೋಗು ಎಂದಿಲ್ಲ ಎಂದಳು ಹುಡುಗಿ. ತಾಯಿ, ಮೇಡಂ ಎದುರಿಗೆ ಒಂದು ಸಲ ಅಂದು ತೋರಿಸು ಎಂದರು. ಅವಳು ನಾಚಿಕೊಂಡು, ನೆಲ ನೋಡುತ್ತಾ ಅಂದಳು. ನಾನು ಕಣ್ಣು ಮುಚ್ಚಿ ಕೇಳಿದೆ. ಹೌದು ಎನ್ನಬೇಕೆಂದು ತುಂಬಾ ಆಸೆಯಾಯಿತು. ಆದರೆ ಅದೇ ದನಿಯೆಂದೂ ಹೇಳಲಾಗಲಿಲ್ಲ, ಅಲ್ಲವೆಂದೂ ಹೇಳಲಾಗಲಿಲ್ಲ. ಹಾಗೆಂದೇ ಹೇಳಿದೆ.

‘ಇರ್ಲಿ ಬುಡಿ,’ ಎಂದರು ಸಾಕಮ್ಮ. ‘ಯಾರ್ ಕೂಗುದ್ರೇನು, ಎಲ್ಲಾ ಮನೇಗ್ ಬಂದ್ವಲ್ಲ.’

ಕಾಫಿ ಕುಡಿದು ಹೊರಟರು. ಗೇಟಿನವರೆಗೆ ಹೋದ ಚೈತ್ರ ತಾಯಿಯ ಕೈ ಬಿಡಿಸಿಕೊಂಡು ವಾಪಸು ಬಂದಳು.

‘ಮಿಸ್,’ ಎಂದಳು, ‘ಆ ಫೋನ್‌ನಲ್ಲಿ ಇದ್ವಲ್ಲ, ಆ ನಾವು ಆಮೇಲೆ ಮನೇಗ್ ಹೋದ್ವಾ?’

ರೆಕಾರ್ಡಿಂಗ್ ಅಷ್ಟಕ್ಕೇ ನಿಂತುಹೋಗಿತ್ತು ಮರೀ ಎಂದೆ. ಅವಳು ತಲೆಯಾಡಿಸಿ, ಓಡಿಹೋಗಿ ತಾಯಿಯ ಕೈ ಹಿಡಿದುಕೊಂಡಳು.